ಹುಡುಕಿ ಬರಿಗೈಯಲ್ಲಿ ಹೋದವರ ಲೆಕ್ಕ: ಪ್ರಶ್ನೆಪತ್ರಿಕೆ ಆ್ಯಪ್ ಒಂದಕ್ಕೆ ಅನಾಲಿಟಿಕ್ಸ್ ಜೋಡಿಸಿದ ಪ್ರಕರಣ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಕ್ಕ ಅಲ್ಲೇ ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತಾಳೆ. ನಾನು ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಯೊಂದಕ್ಕೆ ಜಾವಾಸ್ಕ್ರಿಪ್ಟ್ ಬರೆಯುತ್ತೇನೆ, ಕರೆಂಟ್ ಇದ್ದಾಗ.

ನಮ್ಮ ಮಕ್ಕಳದ್ದು ಒಂದು ವಿಚಿತ್ರ ಕಷ್ಟ. 1956ರ ನವೆಂಬರ್ 1ರಿಂದ ನಾವು ಕೇರಳದವರು. ಹಾಗಾಗಿ ಪಠ್ಯ ಕೇರಳದ್ದು, ಓದುವ ಭಾಷೆ ಕನ್ನಡ. ಮಂಗಳೂರಿನಿಂದ ಗೈಡ್ ತಂದರೆ ಅದರಲ್ಲಿ ಕರ್ನಾಟಕದ ಪಾಠ. ಇಲ್ಲಿಯ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಮಲಯಾಳ, ಇಲ್ಲವೇ ಇಂಗ್ಲಿಷ್. ಕೊನೆಗೆ ಉಳಿಯುವುದು ಹಳೆ ಪ್ರಶ್ನೆಪತ್ರಿಕೆಗಳು. ಅವು ಟೀಚರ್‌ಗಳ ಬೀರುವಿನಲ್ಲಿ ಕಟ್ಟು ಕಟ್ಟಾಗಿ ಇದ್ದವು. ಅಕ್ಕ ಮತ್ತು ಅವಳ ಜತೆಯವರು ಸ್ಕ್ಯಾನ್ ಮಾಡಿದರು. ನಾನು ರಿಯಾಕ್ಟ್‌ನಲ್ಲಿ (ಜಾವಾಸ್ಕ್ರಿಪ್ಟಿನ ಒಂದು ಲೈಬ್ರರಿ) ಒಂದು ಚಿಕ್ಕ ವೆಬ್ ಆ್ಯಪ್ ಕಟ್ಟಿದೆ. ತರಗತಿ ಆರಿಸುವುದು, ವಿಷಯ ಆರಿಸುವುದು, ಪಿಡಿಎಫ್ ತೆರೆಯುವುದು. ಮೇಲೆ ಒಂದು ಹುಡುಕುವ ಡಬ್ಬ. ಅಷ್ಟೇ.

ಒಂದು ದಿನ ನಿವೃತ್ತ ಹೆಡ್ಮಾಸ್ಟ್ರು ಮನೆಗೆ ಬಂದರು. ಹೋಸ್ಟಿಂಗ್‌ನ ದುಡ್ಡು ಹೊಂದಿಸುತ್ತಿದ್ದವರು ಅವರೇ. ಚಾ ಕುಡಿಯುತ್ತಾ ಕೇಳಿದರು: "ಎಷ್ಟು ಮಕ್ಕಳು ನೋಡ್ತಾರೆ ಮಾರಾಯ? ದುಡ್ಡು ಕೊಟ್ಟವರು ಕೇಳ್ತಾರೆ. ಎಂತ ಹೇಳುವುದು ನಾನು?"

"ಒಂದು ವಾರ ಕೊಡಿ ಮಾಸ್ಟ್ರೇ, ಲೆಕ್ಕ ತೆಗೆದು ಕೊಡ್ತೇನೆ" ಅಂದೆ. ಒಂದು ವಾರ ಸಾಲಲಿಲ್ಲ.

ಮೊದಲ ಪೆಟ್ಟು: ಒಂದೇ ಸಾಲು

ಎಲ್ಲರೂ ಮಾಡುವುದನ್ನೇ ಮಾಡಿದೆ. ಬಂದವರನ್ನೂ ನೋಡಿದ ಪುಟಗಳನ್ನೂ ಎಣಿಸುವ ಗೂಗಲ್ ಅನಾಲಿಟಿಕ್ಸ್ 4ರಲ್ಲಿ ಖಾತೆ ತೆರೆದೆ. 'ಜಿ' ಅಕ್ಷರದಿಂದ ಶುರುವಾಗುವ ಐಡಿ ಸಿಕ್ಕಿತು. ಅವರು ಕೊಟ್ಟ ನಾಲ್ಕೈದು ಸಾಲಿನ ಸ್ಕ್ರಿಪ್ಟನ್ನು ಇಂಡೆಕ್ಸ್ ಫೈಲಿನ ಹೆಡ್ ಭಾಗಕ್ಕೆ ಅಂಟಿಸಿದೆ. ಹತ್ತು ನಿಮಿಷದ ಕೆಲಸ.

ಮರುದಿನ ವರದಿ ತೆರೆದರೆ ಪುಟಗಳ ಪಟ್ಟಿಯಲ್ಲಿ ಒಂದೇ ಸಾಲು. ಪುಟದ ದಾರಿ ಇರುವ ಕಾಲಂನಲ್ಲಿ ಬರೀ ಒಂದು ಓರೆಗೆರೆ. ಗಣಿತ ಎಷ್ಟು, ಜೀವಶಾಸ್ತ್ರ ಎಷ್ಟು ಎಂಬ ಸುದ್ದಿಯೇ ಇಲ್ಲ.

ಕಾರಣ ನಾನೇ. ಅಗ್ಗದ ಹೋಸ್ಟಿಂಗ್ ಆದ್ದರಿಂದ ಹ್ಯಾಶ್ ರೂಟರ್ ಹಾಕಿದ್ದೆ (ವಿಳಾಸ ನೋಡಿ ಯಾವ ಪುಟ ತೋರಿಸಬೇಕೆಂದು ಆರಿಸುವುದು ರೂಟರ್). ಅಂದರೆ ವಿಳಾಸದಲ್ಲಿ ಹ್ಯಾಶ್ ಗುರುತು (#) ಬಂದು, ಅದರ ನಂತರ ತರಗತಿ, ವಿಷಯ ಎಲ್ಲ ಬರುತ್ತದೆ. ಹ್ಯಾಶ್‌ನ ಆಚೆಗಿನದ್ದನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ. ಅನಾಲಿಟಿಕ್ಸ್‌ನ ಪುಟದ ದಾರಿಯಲ್ಲಿಯೂ ಅದು ಸೇರುವುದಿಲ್ಲ. ಹಾಗಾಗಿ ಮಕ್ಕಳು ಎಲ್ಲಿ ಸುತ್ತಿದರೂ ವರದಿಯ ಕಣ್ಣಿಗೆ ಅವರು ಬಾಗಿಲಲ್ಲೇ ನಿಂತಿದ್ದಾರೆ.

ಈ ಉಪಕರಣಗಳ ಹುಟ್ಟನ್ನು ನೆನೆದರೆ ಇದು ಅರ್ಥವಾಗುತ್ತದೆ. ಗೂಗಲ್ 2005ರಲ್ಲಿ ಅರ್ಚಿನ್ ಎಂಬ ಕಂಪನಿಯನ್ನು ಕೊಂಡು ಅದೇ ವರ್ಷ ಅನಾಲಿಟಿಕ್ಸ್ ಶುರು ಮಾಡಿತು. ಲಿಂಕ್‌ಗಳ ಬಾಲದಲ್ಲಿ ಕಾಣುವ 'ಯುಟಿಎಂ'ನಲ್ಲಿ ಮೊದಲ ಅಕ್ಷರ ಆ ಅರ್ಚಿನ್‌ದೇ. ಆ ಕಾಲದಲ್ಲಿ ಪುಟ ಅಂದರೆ ಪುಟ. ಲಿಂಕ್ ಒತ್ತಿದರೆ ಸರ್ವರ್‌ನಿಂದ ಹೊಸ ಎಚ್‌ಟಿಎಂಎಲ್ ಬರುತ್ತಿತ್ತು, ಸ್ಕ್ರಿಪ್ಟ್ ಮತ್ತೊಮ್ಮೆ ಓಡುತ್ತಿತ್ತು, ಒಂದು ಎಣಿಕೆ ಸೇರುತ್ತಿತ್ತು. ನಮ್ಮ ಆ್ಯಪ್‌ನಲ್ಲಿ ಎಚ್‌ಟಿಎಂಎಲ್ ಬರುವುದು ಒಂದೇ ಸಲ. ಆಮೇಲೆ ಎಲ್ಲವನ್ನೂ ಜಾವಾಸ್ಕ್ರಿಪ್ಟೇ ಬದಲಿಸುತ್ತದೆ. ವಿಳಾಸ ಬದಲಾದದ್ದು ಕೂಡ ಸರ್ವರ್ ಕೇಳದೆ, ಬ್ರೌಸರಿನ ಹಿಸ್ಟರಿ ಎಪಿಐಯ ಪುಷ್‌ಸ್ಟೇಟ್ ಎಂಬ ಕರೆಯಿಂದ. ಪುಟ ಬದಲಾಯಿತು ಎಂದು ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಹ್ಯಾಶ್ ರೂಟರ್ ತೆಗೆದು ಮಾಮೂಲಿ ಬ್ರೌಸರ್ ರೂಟರ್ ಹಾಕಿದೆ. ಒಳಗಿನ ಪುಟವನ್ನು ರಿಫ್ರೆಶ್ ಮಾಡಿದರೆ 404 ಬರುವ ತೊಂದರೆಗೆ ಸರ್ವರ್‌ನಲ್ಲಿ ಒಂದು ರೀರೈಟ್ ನಿಯಮ ಸಾಕಾಯಿತು. ಗೊತ್ತಿಲ್ಲದ ದಾರಿ ಯಾವುದು ಬಂದರೂ ಇಂಡೆಕ್ಸ್ ಫೈಲನ್ನೇ ಕೊಡು ಎನ್ನುವ ನಿಯಮ. ಮೊದಲೇ ಮಾಡಬೇಕಿತ್ತು, ಸೋಮಾರಿತನ.

ಎರಡನೆಯದು: ಎಲ್ಲವೂ ಜಾಸ್ತಿ

ಈಗ ಪುಟಗಳು ಬೇರೆ ಬೇರೆ ಕಾಣಿಸಿದವು. ಆದರೆ ಅಂಕಿ ನೋಡಿ ಖುಷಿಗಿಂತ ಅನುಮಾನ ಜಾಸ್ತಿಯಾಯಿತು. ನಾನೊಬ್ಬನೇ ಫೋನ್ ಹಿಡಿದು, ಲೆಕ್ಕ ಇಟ್ಟುಕೊಂಡು ಐದು ಪುಟ ತೆರೆದೆ. ರಿಯಲ್‌ಟೈಮ್ ವರದಿಯಲ್ಲಿ ಹತ್ತು.

ಇದಕ್ಕೂ ಕಾರಣ ನಾನೇ. ರೂಟರ್‌ನ ಲೊಕೇಶನ್ ಬದಲಾದಾಗಲೆಲ್ಲ ಪೇಜ್ ವ್ಯೂ (ಪುಟ ನೋಡಿದ ಒಂದು ಎಣಿಕೆ) ಕಳಿಸುವ ಯೂಸ್‌ಎಫೆಕ್ಟ್ (ಏನಾದರೂ ಬದಲಾದಾಗ ರಿಯಾಕ್ಟ್ ಓಡಿಸುವ ಕೋಡ್) ಒಂದನ್ನು ನಾನೇ ಬರೆದಿದ್ದೆ. ಅತ್ತ ಅನಾಲಿಟಿಕ್ಸ್ 4ರಲ್ಲಿ 'ಎನ್‌ಹ್ಯಾನ್ಸ್‌ಡ್ ಮೆಷರ್‌ಮೆಂಟ್' ಎಂಬುದು ತಾನಾಗಿಯೇ ಆನ್ ಆಗಿರುತ್ತದೆ. ಅದರೊಳಗೆ ಬ್ರೌಸರ್ ಹಿಸ್ಟರಿ ಬದಲಾದರೆ ಪೇಜ್ ವ್ಯೂ ಎಣಿಸು ಎಂಬ ಟಿಕ್ ಉಂಟು. ಮೊದಲ ಪುಟಕ್ಕಂತೂ ಸ್ಕ್ರಿಪ್ಟಿನ ಕಾನ್ಫಿಗ್ ಕರೆಯೇ ಒಂದು ಪೇಜ್ ವ್ಯೂ ಕಳಿಸುತ್ತದೆ. ಒಂದೇ ಬಸ್ಸಿಗೆ ಇಬ್ಬರು ಕಂಡಕ್ಟರ್, ಇಬ್ಬರೂ ಟಿಕೆಟ್ ಹರಿಯುತ್ತಿದ್ದರು.

ಇದರ ನಡುವೆ ಒಂದು ಸಂಜೆಯನ್ನು ಸುಮ್ನೆ ಹಾಳು ಮಾಡಿಕೊಂಡೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷಿಸಿದರೆ ನನ್ನ ಎಫೆಕ್ಟ್ ಒಂದೇ ಎರಡು ಸಲ ಓಡುತ್ತಿತ್ತು. ರಿಯಾಕ್ಟ್ 18ರಿಂದ ಈಚೆಗೆ ತಪ್ಪು ಹುಡುಕಲಿಕ್ಕೆ ಇರುವ ಸ್ಟ್ರಿಕ್ಟ್ ಮೋಡ್ ಆನ್ ಇದ್ದರೆ ಕಾಂಪೊನೆಂಟ್ (ಪುಟದ ಒಂದು ತುಂಡು) ಮೊದಲು ಬಂದಾಗ ಎಫೆಕ್ಟುಗಳನ್ನು ಬೇಕೆಂದೇ ಒಮ್ಮೆ ಹೆಚ್ಚಿಗೆ ಓಡಿಸುತ್ತದೆ, ಅದೂ ಡೆವಲಪ್‌ಮೆಂಟ್‌ನಲ್ಲಿ ಮಾತ್ರ. ಅದು ಗೊತ್ತಿದ್ದೂ ಮರೆತಿದ್ದೆ. ಲೋಕಲ್‌ಹೋಸ್ಟ್‌ನಿಂದ, ಅಂದರೆ ನನ್ನದೇ ಯಂತ್ರದಿಂದ, ಅನಾಲಿಟಿಕ್ಸ್‌ಗೆ ಏನೂ ಕಳಿಸಬಾರದು ಎಂದು ಅಂದೇ ಒಂದು ಷರತ್ತು ಬರೆದೆ. ನಿಮ್ಮ ಆ್ಯಪ್‌ನಲ್ಲಿ ಅದು ಇಲ್ಲದಿದ್ದರೆ ಈಗಲೇ ಬರೆಯಿರಿ, ಉಳಿದದ್ದು ಆಮೇಲೆ ಓದಿದರಾಯಿತು.

ನಿಜವಾದ ತಮಾಷೆ ಇದ್ದದ್ದು ಹುಡುಕುವ ಡಬ್ಬದಲ್ಲಿ. ಹುಡುಕಿದ ಪದ ವಿಳಾಸದಲ್ಲಿಯೂ ಇರಲಿ, ಲಿಂಕ್ ಹಂಚಲಿಕ್ಕೆ ಸುಲಭ ಎಂದು ಪ್ರತಿ ಅಕ್ಷರಕ್ಕೂ, ಇರುವ ವಿಳಾಸವನ್ನೇ ತಿದ್ದುವ ರಿಪ್ಲೇಸ್‌ಸ್ಟೇಟ್ ಮಾಡುತ್ತಿದ್ದೆ. ಆ ಟಿಕ್ ರಿಪ್ಲೇಸ್‌ಸ್ಟೇಟನ್ನೂ ಎಣಿಸುತ್ತದೆ. ಒಂದು ಮಗು 'ಗಣಿತ' ಎಂದು ಬರೆದರೆ ಗ, ಗಣ, ಗಣಿ, ಗಣಿತ ಎಂದು ನಾಲ್ಕು ಪುಟ ನೋಡಿದ ಹಾಗೆ. 'ಸಮಾಜ ವಿಜ್ಞಾನ' ಎಂದು ಬರೆದವನಂತೂ ನಮ್ಮ ಅತಿ ದೊಡ್ಡ ಓದುಗ.

ಅದೂ ಹೋಗಲಿ, ಆ ಪದ ವರದಿಯಲ್ಲಿ ಕನ್ನಡವಾಗಿಯೂ ಇರಲಿಲ್ಲ. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆ ಯುಟಿಎಫ್-8ರಲ್ಲಿ ಮೂರು ಬೈಟ್. ವಿಳಾಸದಲ್ಲಿ ಒಂದೊಂದು ಬೈಟ್ ಶೇಕಡಾ ಗುರುತು ಸೇರಿ ಮೂರು ಅಕ್ಷರವಾಗುತ್ತದೆ. ಅಲ್ಲಿಗೆ ಒಂದು ಚಿಹ್ನೆಗೆ ಒಂಬತ್ತು. ಗುಡಿಸು ಸೇರಿ ನಾಲ್ಕು ಚಿಹ್ನೆಯ 'ಗಣಿತ' 36 ಅಕ್ಷರದ ಬಾಲವಾಗುತ್ತದೆ. ಪದವನ್ನು ಬೇರೆ ಇವೆಂಟಾಗಿ (ಪುಟದ ಎಣಿಕೆಯಲ್ಲದ ಸುದ್ದಿಯಾಗಿ) ಕಳಿಸುವಾಗಲೂ ನಾನು ಡಿಕೋಡ್ ಮಾಡದೆ, ಅಂದರೆ ಮತ್ತೆ ಕನ್ನಡಕ್ಕೆ ತಿರುಗಿಸದೆ, ಹಾಗೆಯೇ ಕಳಿಸುತ್ತಿದ್ದೆ. ಇವೆಂಟಿನ ಮಾಮೂಲಿ ಪ್ಯಾರಾಮೀಟರ್‌ಗೆ ಅಲ್ಲಿ ನೂರು ಅಕ್ಷರದ ಮಿತಿ. ಹಾಗಾಗಿ ಹನ್ನೊಂದು ಚಿಹ್ನೆ ದಾಟಿದ್ದೆಲ್ಲ ಕತ್ತರಿಗೆ. 'ರಸಾಯನಶಾಸ್ತ್ರ'ಕ್ಕೇ ಹನ್ನೆರಡು ಚಿಹ್ನೆ, ಲೆಕ್ಕ ಹಾಕಿ ನೋಡಿ. ಕಳಿಸುವ ಮೊದಲು ಡಿಕೋಡ್ ಮಾಡಿದರೆ ಈ ತಲೆನೋವು ಇಲ್ಲ.

ಅಂತೂ ಒಬ್ಬ ಕಂಡಕ್ಟರನ್ನು ಇಳಿಸಿದೆ. ಹಿಸ್ಟರಿಯ ಟಿಕ್ ತೆಗೆದೆ, ಕಾನ್ಫಿಗ್ ಕರೆಯಲ್ಲಿ ತಾನಾಗಿ ಕಳಿಸುವ ಪೇಜ್ ವ್ಯೂವನ್ನು ಫಾಲ್ಸ್ ಮಾಡಿದೆ. ಇನ್ನು ಎಣಿಸುವುದು ನನ್ನ ಕೋಡ್ ಮಾತ್ರ. ಹುಡುಕುವ ಡಬ್ಬದ ಬದಲಾವಣೆ ಪೇಜ್ ವ್ಯೂ ಅಲ್ಲ.

ಹೆಸರು ಒಬ್ಬರದ್ದು, ಮನೆ ಇನ್ನೊಬ್ಬರದ್ದು

ತಾನಾಗಿ ಎಣಿಸುವುದನ್ನೇ ಇಟ್ಟುಕೊಂಡು ನನ್ನದನ್ನು ಅಳಿಸಬಹುದಿತ್ತಲ್ವಾ ಎಂದು ನೀವು ಕೇಳಬಹುದು. ಮೊದಲು ಹಾಗೆಯೇ ಮಾಡಿದ್ದೆ. ಆಗ ಅಕ್ಕ ವರದಿ ನೋಡಿ, "ನನ್ನ ರಸಾಯನಶಾಸ್ತ್ರದ ವಿಳಾಸಕ್ಕೆ ಜೀವಶಾಸ್ತ್ರದ ಹೆಸರು ಎಂತಕ್ಕೆ ಬಂತು?" ಎಂದಳು.

ಪುಷ್‌ಸ್ಟೇಟ್ ಆದ ಕ್ಷಣದಲ್ಲಿ ವಿಳಾಸ ಹೊಸದು, ಆದರೆ ರಿಯಾಕ್ಟ್ ಇನ್ನೂ ಹೊಸ ಪುಟವನ್ನು ಬಿಡಿಸಿಲ್ಲ. ಡಾಕ್ಯುಮೆಂಟ್‌ನ ಟೈಟಲ್ ಹಿಂದಿನ ಪುಟದ್ದೇ. ಆಗಲೇ ಎಣಿಸಿದರೆ ಹೊಸ ವಿಳಾಸಕ್ಕೆ ಹಳೆ ಹೆಸರು ಅಂಟುತ್ತದೆ.

ಆ್ಯಪ್‌ನ ಮೇಲಿನ ಕಾಂಪೊನೆಂಟ್‌ನಲ್ಲಿ ಎಫೆಕ್ಟ್ ಬರೆದರೆ ಸರಿಯಾಗಬಹುದು ಅಂದುಕೊಂಡೆ. ರಿಯಾಕ್ಟ್‌ನಲ್ಲಿ ಮಗು ಕಾಂಪೊನೆಂಟಿನ ಎಫೆಕ್ಟ್ ಮೊದಲು ಓಡುತ್ತದೆ, ತಾಯಿಯದ್ದು ಆಮೇಲೆ. ಪುಟ ತನ್ನ ಟೈಟಲ್ ಹಾಕಿಕೊಂಡ ಮೇಲೆ ಮೇಲಿನವನು ಎಣಿಸುತ್ತಾನೆ ಎಂಬ ಲೆಕ್ಕ. ಲೆಕ್ಕ ಅರ್ಧ ಸರಿ. ನಮ್ಮ ಪುಟಗಳು ಲೇಜಿ ಲೋಡ್ ಆಗುತ್ತವೆ, ಅಂದರೆ ಬೇಕಾದಾಗ ಮಾತ್ರ ಇಳಿಯುತ್ತವೆ. ಪುಟದ ಕೋಡ್ ಇನ್ನೂ ಬರುತ್ತಾ ಇರುವಾಗ ಮೇಲಿನವನ ಎಫೆಕ್ಟ್ ಓಡಿ ಮುಗಿದಿರುತ್ತದೆ. ಅದರ ಮೇಲೆ, ಪತ್ರಿಕೆಯ ಹೆಸರು ಗೊತ್ತಾಗುವುದು ವಿವರಗಳಿರುವ ಜೆಸನ್ ಫೈಲ್ ಬಂದ ನಂತರ. ಪೆರ್ಲದ ಗುಡ್ಡದ ನೆಟ್‌ವರ್ಕ್‌ನಲ್ಲಿ ಆ 'ನಂತರ' ಸಾಕಷ್ಟು ಉದ್ದ. ಬೆಂಗಳೂರಿನ ಫೈಬರ್‌ನಲ್ಲಿ ಕೂತು ಪರೀಕ್ಷಿಸಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಕೊನೆಗೆ ಒಂದು ಚಿಕ್ಕ ಹುಕ್ (ಎಲ್ಲ ಪುಟಗಳೂ ಕರೆಯಬಹುದಾದ ಫಂಕ್ಷನ್) ಬರೆದೆ. ಪ್ರತಿ ಪುಟವೂ ತನ್ನ ಹೆಸರು ಸಿಕ್ಕ ಮೇಲೆ ಆ ಹುಕ್ಕನ್ನು ಕರೆಯುತ್ತದೆ. ಹುಕ್ ಟೈಟಲ್ ಹಾಕುತ್ತದೆ, ಅಲ್ಲಿಯೇ ಎಣಿಕೆ ಕಳಿಸುತ್ತದೆ. ಹೆಸರು ಸಿಗದಿದ್ದರೆ ಎಣಿಕೆಯೂ ಇಲ್ಲ.

ಅಕ್ಕನ ಪ್ರಶ್ನೆ

ಈಗ ಅಂಕಿಗಳು ನಂಬುವ ಹಾಗೆ ಇದ್ದವು. ಮಾಸ್ಟ್ರಿಗೆ ತೋರಿಸುವ ಮೊದಲು ಅಕ್ಕನಿಗೆ ತೋರಿಸಿದೆ. ಯಾವ ಫೋನ್, ಯಾವ ಊರು, ಹೊಸಬರೋ ಹಳಬರೋ, ಎಷ್ಟು ಹೊತ್ತು ಇದ್ದರು, ಎಲ್ಲ ಉಂಟು. ಅವಳು ಸ್ವಲ್ಪ ಹೊತ್ತು ನೋಡಿ ಹೇಳಿದಳು: "ಇವರೆಲ್ಲ ನನ್ನ ಕ್ಲಾಸಿನ ಮಕ್ಕಳು. ಇವರ ಬಗ್ಗೆ ಇಷ್ಟು ಬರೆದಿಡಲಿಕ್ಕೆ ನಿನಗೆ ಯಾರು ಹೇಳಿದ್ದು?"

ಉತ್ತರ ಇರಲಿಲ್ಲ. ಅನಾಲಿಟಿಕ್ಸ್ 4 ಬ್ರೌಸರಿನಲ್ಲಿ ಬಿಡುವ ಗುರುತಿಗೆ ಕುಕಿ ಎನ್ನುತ್ತಾರೆ, ಅದರ ಆಯುಸ್ಸು ನಾವು ಬದಲಿಸದಿದ್ದರೆ ಎರಡು ವರ್ಷ. ಒಂಬತ್ತನೇ ತರಗತಿಯಲ್ಲಿ ಬಂದ ಮಗುವನ್ನು ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಅದು ಗುರುತಿಸಬಹುದು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಮಕ್ಕಳ ಜಾಡು ಹಿಡಿಯುವುದು, ನಡವಳಿಕೆ ಗಮನಿಸುವುದು, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದು ಕೂಡದು ಎಂದು ಅದರ 9ನೇ ಕಲಮು ಹೇಳುತ್ತದೆ. ಕೆಲವು ಬಗೆಯವರಿಗೆ ವಿನಾಯಿತಿ ಕೊಡುವ ಅವಕಾಶವೂ ಅದರಲ್ಲಿದೆ. ಆ ವಿನಾಯಿತಿಯ ಬಾಗಿಲು ನಮಗೆ ಎಷ್ಟು ತೆರೆದಿದೆ ಎಂದು ಚರ್ಚೆ ಮಾಡುವ ಬದಲು, ಬೇಡದ್ದನ್ನು ತೆಗೆದು ಬಿಸಾಡುವುದು ಸುಲಭ ಅನಿಸಿತು. ಮಾಸ್ಟ್ರು ಕೇಳಿದ್ದಕ್ಕೆ ಇದರಲ್ಲಿ ಹತ್ತರಲ್ಲೊಂದು ಪಾಲೂ ಬೇಕಿರಲಿಲ್ಲ.

ಗೂಗಲ್‌ನದ್ದನ್ನು ತೆಗೆದು ಉಮಾಮಿ ಎಂಬ ಇನ್ನೊಂದು ಅನಾಲಿಟಿಕ್ಸ್ ಹಾಕಿದೆ. ಓಪನ್ ಸೋರ್ಸ್, ಎಂಐಟಿ ಲೈಸೆನ್ಸ್. ನೋಡ್‌ಜೆಎಸ್ ಮತ್ತು ಪೋಸ್ಟ್‌ಗ್ರೆಸ್ ಇದ್ದರೆ ನಮ್ಮದೇ ಸರ್ವರ್‌ನಲ್ಲಿ ಕೂರುತ್ತದೆ. ಕುಕಿ ಇಲ್ಲ. ಮಟೊಮೊ, ಪ್ಲಾಸಿಬಲ್ ಕೂಡ ಓಪನ್ ಸೋರ್ಸ್, ನಮ್ಮದೇ ಸರ್ವರ್‌ನಲ್ಲಿ ಕೂರುವವು; ಮಟೊಮೊದಲ್ಲಿ ಮಾತ್ರ ಕುಕಿಯನ್ನು ನಾವೇ ಆಫ್ ಮಾಡಬೇಕು. ನಮ್ಮ ಕೆಲಸಕ್ಕೆ ಚಿಕ್ಕದೇ ಸಾಕು ಎಂದು ಇದನ್ನು ಆರಿಸಿದೆ. ಅದರ ಸ್ಕ್ರಿಪ್ಟೂ ಪುಷ್‌ಸ್ಟೇಟನ್ನು ತಾನಾಗಿಯೇ ಎಣಿಸುತ್ತದೆ, ಹಾಗಾಗಿ ಸ್ಕ್ರಿಪ್ಟ್ ಟ್ಯಾಗ್‌ನಲ್ಲಿಯೇ ಆಟೊ ಟ್ರ್ಯಾಕನ್ನು ಫಾಲ್ಸ್ ಮಾಡಿದೆ. ಪಾಠ ಕಲಿತಾಗಿತ್ತು. ಯಾವ ಡೊಮೈನ್‌ನಿಂದ ಬಂದರೆ ಮಾತ್ರ ಎಣಿಸಬೇಕು ಎಂದು ಹೇಳಲಿಕ್ಕೂ ಅಲ್ಲಿ ಜಾಗ ಉಂಟು, ಅದರಿಂದ ಲೋಕಲ್‌ಹೋಸ್ಟ್‌ನ ಕಾಟ ಹೋಯಿತು. ನನ್ನ ಮತ್ತು ಅಕ್ಕನ ಫೋನ್‌ಗಳ ಲೋಕಲ್ ಸ್ಟೋರೇಜ್‌ನಲ್ಲಿ ಒಂದು ಗುರುತು ಇಟ್ಟು ನಮ್ಮ ಓಡಾಟವನ್ನೂ ಹೊರಗಿಟ್ಟೆ. ಹುಕ್ ಇದ್ದದ್ದರಿಂದ ಬದಲಿಸಬೇಕಾದ್ದು ಒಂದೇ ಫೈಲ್.

ಎಷ್ಟು ಮಕ್ಕಳು?

ಈ ಪ್ರಶ್ನೆಗೆ ನೆಟ್ಟಗಿನ ಉತ್ತರ ಯಾವ ಉಪಕರಣದಲ್ಲಿಯೂ ಸಿಗಲಿಲ್ಲ. ಇಲ್ಲಿ ಎಷ್ಟೋ ಮನೆಗಳಲ್ಲಿ ಫೋನ್ ಒಂದೇ, ಅಣ್ಣ ತಂಗಿ ಇಬ್ಬರೂ ಅದರಲ್ಲೇ ಓದುವುದು. ಲೆಕ್ಕಕ್ಕೆ ಅವರು ಒಬ್ಬರು. ಶಾಲೆಯ ಲ್ಯಾಬ್‌ನದ್ದು ಇನ್ನೂ ಚಂದ. ಕುಕಿ ಇಲ್ಲದ ಉಪಕರಣ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡುವುದು ಐಪಿ ವಿಳಾಸ ಮತ್ತು ಬ್ರೌಸರಿನ ವಿವರವನ್ನು ಕಲಸಿ ಮಾಡಿದ ಒಂದು ಗುರುತಿನಿಂದ (ಇದಕ್ಕೂ ಹ್ಯಾಶ್ ಎಂದೇ ಹೆಸರು, ವಿಳಾಸದ # ಬೇರೆ). ಕೇರಳದ ಶಾಲಾ ಲ್ಯಾಬ್‌ಗಳಲ್ಲಿ ಕೈಟ್ (ರಾಜ್ಯ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ) ಕೊಡುವ ಉಬುಂಟು ಆಧಾರದ ಲಿನಕ್ಸ್ ಇರುತ್ತದೆ. ಅಕ್ಕನ ಲ್ಯಾಬ್‌ನಲ್ಲಿ ಎಲ್ಲ ಯಂತ್ರದಲ್ಲಿಯೂ ಅದೇ ಆವೃತ್ತಿ, ಅದೇ ಬ್ರೌಸರ್, ಹೊರಗೆ ಹೋಗುವ ಇಂಟರ್ನೆಟ್ ಲೈನ್ ಒಂದು. ಇಡೀ ಕ್ಲಾಸ್ ಕೂತು ನೋಡಿದರೂ ಬಂದವರು ಒಬ್ಬರು.

ಊರಿನ ಕಾಲಂ ಅದಕ್ಕಿಂತ ನಗೆಪಾಟಲು. ಮೊಬೈಲ್ ನೆಟ್‌ವರ್ಕ್‌ನ ಐಪಿ ವಿಳಾಸ ಮಗು ಕೂತ ಜಾಗವನ್ನು ಹೇಳುವುದಿಲ್ಲ, ಕಂಪನಿಯ ಗೇಟ್‌ವೇ ಇರುವ ಜಾಗವನ್ನು ಹೇಳುತ್ತದೆ. ಪೈವಳಿಕೆಯ ಮಗು ಕೊಚ್ಚಿಯಲ್ಲೋ ಬೆಂಗಳೂರಲ್ಲೋ ಕಾಣಿಸುತ್ತದೆ. ಆ ಕಾಲಂ ಮಾಸ್ಟ್ರಿಗೆ ತೋರಿಸಲೇ ಇಲ್ಲ. ವಾಟ್ಸ್‌ಆ್ಯಪ್‌ನಿಂದ ಬಂದವರು ಎಲ್ಲಿಂದ ಬಂದರು ಎಂದು ತಿಳಿಯದೆ 'ನೇರ' ಎಂಬ ಗುಂಪಿಗೆ ಬೀಳುತ್ತಿದ್ದರು. ಟೀಚರ್‌ಗಳ ಗುಂಪಿಗೆ ಒಂದು, ತಂದೆತಾಯಿಯರ ಗುಂಪಿಗೆ ಒಂದು ಎಂದು ಯುಟಿಎಂ ಬಾಲ ಹಚ್ಚಿದ ಬೇರೆ ಬೇರೆ ಲಿಂಕ್ ಕೊಟ್ಟೆವು, ಅದು ಬಗೆಹರಿಯಿತು.

ಬರಿಗೈ

ಎಣಿಸಬೇಕಾದ್ದು ಎಂತ ಎಂದು ಹೊಳೆದದ್ದು ಅಕ್ಕನ ಕ್ಲಾಸಿನ ಹುಡುಗಿಯೊಬ್ಬಳ ಮಾತಿನಿಂದ. "ಟೀಚರ್, ಅದರಲ್ಲಿ ಕೆಮಿಸ್ಟ್ರಿ ಇಲ್ಲ" ಎಂದಳಂತೆ. ರಸಾಯನಶಾಸ್ತ್ರದ ಪತ್ರಿಕೆ ಸಾಲು ಸಾಲಾಗಿ ಇದ್ದವು.

ಹುಡುಕಿ ಏನೂ ಸಿಗದಿದ್ದಾಗ ಆ ಪದವನ್ನು ಒಂದು ಇವೆಂಟಾಗಿ ಕಳಿಸುವ ಏರ್ಪಾಟು ಮಾಡಿದೆ. ಒಂದೊಂದು ಅಕ್ಷರಕ್ಕೂ ಕಳಿಸಬಾರದಲ್ವಾ, ಹಾಗಾಗಿ ಟೈಪಿಂಗ್ ನಿಂತು ಒಂದೂವರೆ ಸೆಕೆಂಡ್ ಕಾದು ಕಳಿಸುವುದು. ಬಂದ ಪದಗಳು ಬೆರಳೆಣಿಕೆ. ಸಂಶಯ ಬಂತು. ಹುಡುಗಿಯ ಕೈಗೆ ಫೋನ್ ಕೊಟ್ಟು ನೋಡಿದೆವು. ಪದ ಬರೆದಳು, 'ಏನೂ ಸಿಗಲಿಲ್ಲ' ಬಂತು, ಆ ಕ್ಷಣವೇ ಹೋಮ್ ಬಟನ್ ಒತ್ತಿ ವಾಟ್ಸ್‌ಆ್ಯಪ್‌ಗೆ ಹೋದಳು. ಒಂದೂವರೆ ಸೆಕೆಂಡ್ ಯಾರು ಕಾಯುತ್ತಾರೆ? ಅಂದರೆ ಬೇಸತ್ತು ಹೋದವರನ್ನು ಎಣಿಸಲು ಇಟ್ಟ ಡಬ್ಬದಲ್ಲಿ ಬೇಸತ್ತು ಹೋದವರೇ ಬೀಳುತ್ತಿರಲಿಲ್ಲ.

ಅನ್‌ಲೋಡ್ ಇವೆಂಟನ್ನು (ಪುಟ ಮುಚ್ಚುವಾಗ ಬ್ರೌಸರ್ ಕೊಡುವ ಸೂಚನೆ) ನಂಬುವ ಹಾಗಿಲ್ಲ. ಫೋನ್‌ನಲ್ಲಿ ಬೇರೆ ಆ್ಯಪ್‌ಗೆ ಹೋಗಿ, ಆಮೇಲೆ ಬ್ರೌಸರನ್ನು ಮುಚ್ಚಿದರೆ ಅದು ಬರುವುದೇ ಇಲ್ಲ. ವಿಸಿಬಿಲಿಟಿ‌ಚೇಂಜ್ ಎಂಬ ಸೂಚನೆಗೆ ಕಿವಿಗೊಡಬೇಕು. ಪುಟ ಕಣ್ಣಿಗೆ ಮರೆಯಾದ ಕೂಡಲೇ ಕೈಯಲ್ಲಿ ಉಳಿದ ಪದವನ್ನು ಕಳಿಸಿಬಿಡುವುದು. ಕಳಿಸುವುದೂ ಮಾಮೂಲಿ ಫೆಚ್‌ನಿಂದ ಆಗದು, ಪುಟ ಹೋದರೆ ಅದೂ ಅರ್ಧಕ್ಕೆ ಸಾಯಬಹುದು. ಕೀಪ್‌ಅಲೈವ್ ಹಾಕಿದ ಫೆಚ್ ಇಲ್ಲವೇ ಸೆಂಡ್‌ಬೀಕನ್ ಬೇಕು. ಹುಡುಕುವ ಡಬ್ಬದಲ್ಲಿ ಮಕ್ಕಳು ಎಂತ ಬೇಕಾದರೂ ಬರೆಯುತ್ತಾರೆ, ಸ್ವಂತ ಹೆಸರು, ಅಪ್ಪನ ನಂಬರ್. ಐದಕ್ಕಿಂತ ಹೆಚ್ಚು ಅಂಕಿ ಒಟ್ಟಿಗೆ ಇದ್ದರೆ, ಪದ ತೀರಾ ಉದ್ದವಿದ್ದರೆ ಕಳಿಸುವುದೇ ಬೇಡ ಎಂದು ಫೋನ್‌ನಲ್ಲಿಯೇ ತಡೆದೆ. ಒಂಟಿ ಹೆಸರು ನುಸುಳಿ ಬಂದರೆ ಅಕ್ಕ ವಾರಕ್ಕೊಮ್ಮೆ ಕೂತು ಅಳಿಸುತ್ತಾಳೆ.

ಆಮೇಲೆ ಬಂದ ಪಟ್ಟಿ ನೋಡಬೇಕಿತ್ತು. ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡ. ಮಲಯಾಳ ಲಿಪಿಯಲ್ಲಿ ಬರೆದ ಗಣಿತ. 'ಕೆಮಿಸ್ಟ್ರಿ', 'ಬಯಾಲಜಿ'. ನಾವು 'ಪಾದವಾರ್ಷಿಕ', 'ಅರ್ಧವಾರ್ಷಿಕ' ಎಂದು ಗಂಭೀರವಾಗಿ ಬರೆದಿಟ್ಟಿದ್ದೆವು. ಮಕ್ಕಳು ಹುಡುಕಿದ್ದು 'ಓಣಂ ಪರೀಕ್ಷೆ', 'ಕ್ರಿಸ್ಮಸ್ ಪರೀಕ್ಷೆ'. ಇನ್ನು ಕೆಲವರು 'ಚೋದ್ಯ ಪೇಪರ್'. ಕನ್ನಡದಲ್ಲಿ ಚೋದ್ಯ ಅಂದರೆ ಸೋಜಿಗ, ಮಲಯಾಳದಲ್ಲಿ ಪ್ರಶ್ನೆ. ಗಡಿಯಲ್ಲಿ ಬೆಳೆದ ಮಕ್ಕಳಿಗೆ ಎರಡೂ ಒಂದೇ ಬಾಯಲ್ಲಿ.

ವಿಚಿತ್ರ ಅಂದರೆ ಸರಿಯಾದ ಕನ್ನಡದಲ್ಲಿ, ನಮ್ಮ ಪಟ್ಟಿಯಲ್ಲಿದ್ದ ಹಾಗೆಯೇ ಬರೆದವರಿಗೂ ಕೆಲವೊಮ್ಮೆ ಸಿಕ್ಕಿರಲಿಲ್ಲ. ಕಣ್ಣಿಗೆ ಎರಡೂ ಒಂದೇ. ಒಂದೊಂದಾಗಿ ಚಿಹ್ನೆ ಬಿಡಿಸಿ ನೋಡಿದಾಗ ಗೊತ್ತಾಯಿತು. ನಮ್ಮ ಪಟ್ಟಿಯ ಎಷ್ಟೋ ಸಾಲುಗಳು ಹಳೆ ನುಡಿ ಫಾಂಟಿನಿಂದ ಯುನಿಕೋಡ್‌ಗೆ ತಿರುಗಿಸಿದವು. ಅವುಗಳಲ್ಲಿ ಕಾಣದ ಝೀರೋ ವಿಡ್ತ್ ಚಿಹ್ನೆಗಳು ಅಡಗಿದ್ದವು. ಒತ್ವ ಕೂಡ ಕೆಲವು ಕಡೆ ಒಂದೇ ಚಿಹ್ನೆ, ಕೆಲವು ಕಡೆ ಎತ್ವ ಮತ್ತು ಊಕಾರದ ಗುರುತು ಸೇರಿ ಎರಡು. ಕಂಪ್ಯೂಟರಿಗೆ ಅವು ಬೇರೆ ಬೇರೆ ಪದ. ಜಾವಾಸ್ಕ್ರಿಪ್ಟಿನ ನಾರ್ಮಲೈಸ್ ಕರೆ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಝೀರೋ ವಿಡ್ತ್ ಚಿಹ್ನೆಗಳನ್ನು ಅದು ಮುಟ್ಟುವುದಿಲ್ಲ, ಅವನ್ನು ನಾವೇ ಅಳಿಸಬೇಕು. ಹುಡುಕುವ ಪದಕ್ಕೂ ಪಟ್ಟಿಗೂ ಎರಡನ್ನೂ ಮಾಡಿದೆ, ನಡುವಿನ ಖಾಲಿ ಜಾಗವನ್ನೂ ತೆಗೆದೆ. ಉಳಿದದ್ದಕ್ಕೆ ಅಕ್ಕ ಒಂದು ಅಡ್ಡಹೆಸರುಗಳ ಪಟ್ಟಿ ಬರೆದುಕೊಟ್ಟಳು. ಕೆಮಿಸ್ಟ್ರಿ ಅಂದರೆ ರಸಾಯನಶಾಸ್ತ್ರ, ಓಣಂ ಅಂದರೆ ಪಾದವಾರ್ಷಿಕ, ಹೀಗೆ. ಅನಾಲಿಟಿಕ್ಸ್‌ಗಿಂತ ಇದಕ್ಕೆ ಹಿಡಿದ ಹೊತ್ತು ಕಡಿಮೆ.

ಮಾಸ್ಟ್ರು ಮತ್ತೆ ಬಂದಾಗ ಪೇಜ್ ವ್ಯೂಗಳ ಗ್ರಾಫ್ ತೋರಿಸಿದೆ. "ಸರಿ, ಸರಿ" ಅಂದರು, ಕನ್ನಡಕವನ್ನು ಕಿಸೆಯಿಂದ ಹೊರಗೆ ತೆಗೆಯಲಿಲ್ಲ. ಆಮೇಲೆ ಬರಿಗೈ ಪಟ್ಟಿಯ ಪ್ರಿಂಟ್ ಕೊಟ್ಟೆ. ಅಡ್ಡಹೆಸರು ಸೇರಿಸಿದ ಮೇಲೂ ಉಳಿದುಕೊಂಡಿದ್ದ ಪದಗಳು ಅವು. ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಬೆರಳಿಟ್ಟು ಓದಿದರು.

"ಎಂಟನೇ ಕ್ಲಾಸಿನ ಗಣಿತ ಇಷ್ಟು ಸಲ ಉಂಟಲ್ಲ, ನಿಮ್ಮಲ್ಲಿ ಅದು ಇಲ್ವಾ?"

"ಎಂಟನೆಯದ್ದು ನಾವು ಹಾಕಲೇ ಇಲ್ಲ ಮಾಸ್ಟ್ರೇ. ಒಂಬತ್ತು, ಎಸ್ಸೆಸ್ಸೆಲ್ಸಿಯದ್ದು ಮಾತ್ರ ಸಾಕು ಅಂತ ಇದ್ದೆವು."

ಅವರು ಪ್ರಿಂಟನ್ನು ನಾಲ್ಕಾಗಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಮುಂದಿನ ಆದಿತ್ಯವಾರ ನೀರ್ಚಾಲಿನ ಕಡೆಯಿಂದ ಒಂದು ಗೋಣಿಚೀಲ ಆಟೋದಲ್ಲಿ ಬಂತು. ಸೆಣಬಿನ ಹಗ್ಗ ಕಟ್ಟಿದ ಕಟ್ಟುಗಳು, ಒಂದಿಷ್ಟು ಗೆದ್ದಲು ತಿಂದವು, ಮೇಲಿನದರಲ್ಲಿ ಮಾಸ್ಟ್ರ ಕೈಬರಹ: 'ಎಂಟು. ಗಣಿತ. ಕ್ರಿಸ್ಮಸ್.'